ಮೇಸ್ತ್ರಿಯ ಫೈಲಿಗೊಂದು ಕೊಕ್ಕೆ

ಅವರನ್ನು ನಾನು ಮೊದಲು ನೋಡಿದ್ದು ಬೆನ್ನ ಕಡೆಯಿಂದ. ನಮ್ಮ ಆಫೀಸಿನ ಹೊರಗೆ, ಕೆಟ್ಟು ನಿಂತಿದ್ದ ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಬಿಳಿ ಕೂದಲು, ತೋಳು ಮಡಚಿದ ನೀಲಿ ಅಂಗಿ, ಕಂಕುಳಲ್ಲಿ ಒಂದು ಚೀಲ.

"ಮೂರು ದಿನದಿಂದ ಫೋನ್ ಮಾಡ್ತಿದೀವಿ. ಈಗ ಬಿಡುವಾಯ್ತಾ ನಿಮಗೆ?" ಎಂದೆ. ಮೂರು ಮಹಡಿ ಹತ್ತಿ ಬಂದ ಏದುಸಿರು ಬೇರೆ, ಕೋಪ ಮೂಗಿನ ತುದಿಯಲ್ಲೇ ಇತ್ತು.

ಅವರು ತಿರುಗಿದರು. ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಸುಮ್ಮನಾದರು. ಆಮೇಲೆ ಮೆಲ್ಲಗೆ, "ಸ್ಕ್ರೂಡ್ರೈವರ್ ಇದ್ಯಾ?" ಎಂದರು.

"ಅದನ್ನೂ ನಾವೇ ಕೊಡಬೇಕಾ?"

"ಇಲ್ದಿದ್ರೆ ಒಂದು ಚಮಚ ಆದ್ರೂ ಪರವಾಗಿಲ್ಲ."

ಟೀ ಕಲಸುವ ಚಮಚ ಕೊಟ್ಟೆ. ಇಪ್ಪತ್ತು ನಿಮಿಷದಲ್ಲಿ ಲಿಫ್ಟು ಗುನುಗುತ್ತ ಕೆಳಗಿಳಿಯಿತು. ಅವರು ಕೈ ತೊಳೆದುಕೊಂಡರು, ಚಮಚವನ್ನೂ ತೊಳೆದು ನನ್ನ ಮೇಜಿನ ಮೇಲಿಟ್ಟರು, ಎದುರಿನ ಕುರ್ಚಿಯಲ್ಲಿ ಕುಳಿತು ಚೀಲದಿಂದ ಒಂದು ಫೈಲು ತೆಗೆದರು.

"ಹೊರದೇಶದಲ್ಲಿ ನೆಲೆಸೋಕೆ ಅರ್ಜಿ. ಹನ್ನೊಂದು ಗಂಟೆಗೆ ಬರೋಕೆ ನೀವೇ ಹೇಳಿದ್ರಿ. ಲಿಫ್ಟ್ ಮೇಸ್ತ್ರಿ ಅನ್ನೋದು ನಿಜ, ಮೇಡಂ. ಆದ್ರೆ ರಿಟೈರ್ ಆಗಿ ಒಂದು ವರ್ಷ ಆಯ್ತು."

ನಾನು ನಾಲಿಗೆ ಕಚ್ಚಿಕೊಂಡೆ. ಅವರ ತುಟಿ ನಗಲಿಲ್ಲ, ಕಣ್ಣಂಚಿನ ಸುಕ್ಕುಗಳು ಮಾತ್ರ ಒಂದೊಂದಾಗಿ ಮೂಡಿದವು. ಅಷ್ಟು ನಿಧಾನವಾಗಿ ನಗುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಿವೃತ್ತರಾದವರು ಬೇರೆ ದೇಶಕ್ಕೆ ಹೋಗಿ ನೆಲೆಸಲು ಅರ್ಜಿ ಹಾಕುತ್ತಾರಲ್ಲ, ಅವರ ಕಾಗದಪತ್ರ ತಪಾಸಣೆ ಮಾಡಿ ಆ ದೇಶದ ವೀಸಾ ಕೌಂಟರಿಗೆ ಸಲ್ಲಿಸುವುದು. ಇಂತಿಷ್ಟು ಪಿಂಚಣಿ ತಿಂಗಳು ತಿಂಗಳೂ ಬರುತ್ತಿರಬೇಕು, ಅಲ್ಲಿ ಒಂದು ವರ್ಷಕ್ಕೆ ಬಾಡಿಗೆ ಮನೆ ಗೊತ್ತಾಗಿರಬೇಕು, ಪೊಲೀಸರ ಪತ್ರ ಬೇಕು, ವೈದ್ಯರ ಪತ್ರ ಬೇಕು. ಪೊಲೀಸರ ಪತ್ರಕ್ಕೆ ಆರು ತಿಂಗಳ ಆಯುಸ್ಸು, ವೈದ್ಯರದಕ್ಕೆ ಮೂರೇ ತಿಂಗಳು. ಅರ್ಜಿ ಕೊಡುವ ದಿನ ಎಲ್ಲ ಕಾಗದಗಳೂ ಒಟ್ಟಿಗೆ ಬದುಕಿರಬೇಕು, ಒಂದು ಸತ್ತಿದ್ದರೂ ಫೈಲು ವಾಪಸ್.

ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತೇನೆ. ಆಫೀಸಿನಲ್ಲಿ ನನ್ನ ಹೆಸರೇ ಕೊಕ್ಕೆ ಅಕ್ಕ. ಐವತ್ತೇಳು ವರ್ಷ, ಮದುವೆ ಆಗಲಿಲ್ಲ. ಬಂದ ಸಂಬಂಧಗಳಿಗೂ ನಾನು ಕೊಕ್ಕೆ ಹಾಕಿಯೇ ಕಳಿಸಿದೆ ಎಂದು ತಂಗಿ ಹಂಗಿಸುತ್ತಾಳೆ. ನೂರಾರು ಜನರನ್ನು ಗಡಿ ದಾಟಿಸಿದ ನನ್ನ ಸ್ವಂತ ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆಯೂ ಇರಲಿಲ್ಲ.

ಮೇಸ್ತ್ರಿಯ ಫೈಲಿಗೆ ನಾನು ಹಾಕಿದ ಮೊದಲ ಕೊಕ್ಕೆ ನ್ಯಾಯವಾದದ್ದೇ. ಪಿಂಚಣಿ ಜೀವನಪೂರ್ತಿ ಬರುತ್ತದೆ ಎಂದು ಪತ್ರದಲ್ಲಿ ಎಲ್ಲೂ ಇರಲಿಲ್ಲ.

"ನಾನಿರೋವರೆಗೂ ಬರತ್ತೆ ಮೇಡಂ. ಆಮೇಲೆ ಬಂದ್ರೂ ನಾನೇನು ಮಾಡ್ಲಿ?"

"ಅದನ್ನೇ ಪಿಂಚಣಿ ಆಫೀಸಿನವರ ಕೈಲಿ ಬರೆಸಿಕೊಂಡು ಬನ್ನಿ."

ಎರಡನೆಯದೂ ನ್ಯಾಯವಾದದ್ದೇ. ಅವರ ಪಿಂಚಣಿಯಲ್ಲಿ ಒಂದು ಭತ್ಯೆ ಸೇರಿಕೊಂಡಿತ್ತು, ಅದನ್ನು ಆದಾಯ ಎಂದು ಆ ದೇಶ ಒಪ್ಪುವುದಿಲ್ಲ. ಅದನ್ನು ಕಳೆದರೆ ಅವರು ಕನಿಷ್ಠ ಮಿತಿಯನ್ನು ದಾಟುತ್ತಿದ್ದದ್ದು ಕೂದಲೆಳೆಯಷ್ಟು ಅಂತರದಲ್ಲಿ. ಅದಕ್ಕೂ ಬೇರೆ ಪತ್ರ ತಂದರು. ಹೆಂಡತಿಯ ಮರಣ ಪತ್ರವನ್ನು ಮಾತ್ರ ಕೈಗೆ ಕೊಡಲಿಲ್ಲ, ಮಡಚಿದ ಮೂಲೆಯನ್ನು ಬೆರಳಿನಿಂದ ಸರಿಮಾಡಿ ಮೇಜಿನ ಮೇಲಿಟ್ಟರು. ಹನ್ನೊಂದು ವರ್ಷ ಹಿಂದಿನ ತಾರೀಕು. ನಾನೂ ಅದನ್ನು ಅಷ್ಟೇ ಮೆತ್ತಗೆ ಎತ್ತಿಕೊಂಡೆ, ಅದು ಅವರಿಗೆ ಕಂಡಿತು.

ಮೂರನೆಯ ಸಲ ಬಂದಾಗ ನನ್ನ ಪಟ್ಟಿಯಲ್ಲಿಲ್ಲದ ಪ್ರಶ್ನೆಯೊಂದು ಬಾಯಿಗೆ ಬಂದುಬಿಟ್ಟಿತು. "ಅಲ್ಲಿ ಅಂಥದ್ದೇನಿದೆ?"

ಅವರು ತಮ್ಮ ಅಂಗೈ ನೋಡಿಕೊಂಡರು.

"ನಲವತ್ತು ವರ್ಷ ಲಿಫ್ಟಿನ ಗುಂಡಿಯೊಳಗೇ ಕಳೆದೆ. ಬೆಳಗ್ಗೆ ಕತ್ತಲಿಗೆ ಇಳಿಯೋದು, ಸಂಜೆ ಹತ್ತಿ ಬರೋದು. ಒಂದ್ಸಲ ಕಂಪನಿಯವರು ಆ ದೇಶದ ಒಂದು ಬಂದರಿಗೆ ಕಳಿಸಿದ್ರು, ಸಾಮಾನು ಎತ್ತೋ ಲಿಫ್ಟ್ ಕೆಟ್ಟಿತ್ತು. ಒಂದು ರೂಮ್ ಕೊಟ್ಟಿದ್ರು, ಸಮುದ್ರದ ಪಕ್ಕದಲ್ಲೇ. ಬೆಳಗ್ಗೆ ಕಣ್ಣು ಬಿಟ್ರೆ ಬಿಸಿಲು ನೀರಿನ ಮೇಲಿಂದ ಬಂದು ಚಾವಣಿ ತುಂಬ ಆಡ್ತಾ ಇದೆ. ಅದನ್ನೇ ನೋಡ್ತಾ ಮಲಗಿಬಿಟ್ಟೆ. ಅವತ್ತು ಕೆಲಸಕ್ಕೆ ತಡವಾಗಿ ಹೋದೆ, ನಲವತ್ತು ವರ್ಷದಲ್ಲಿ ಅದೊಂದೇ ದಿನ."

"ಬೈದ್ರಾ?"

"ಬೈದ್ರು. ಏನು ಬೈದ್ರು ಅಂತ ಕಿವಿಗೇ ಬೀಳಲಿಲ್ಲ."

ಅವರು ಹೋದ ಮೇಲೆ ನಾನು ನಮ್ಮ ಆಫೀಸಿನ ಚಾವಣಿ ನೋಡಿದೆ. ಹದಿನೆಂಟು ವರ್ಷದಿಂದ ಅದರ ಕೆಳಗೆ ಕೂತಿದ್ದರೂ ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಆವತ್ತಿನಿಂದ ನನಗೊಂದು ಹುಚ್ಚು ಅಂಟಿಕೊಂಡಿತು. ಟೈಪ್ ಮಾಡುತ್ತ ಮಾಡುತ್ತ ಮನಸ್ಸಿನಲ್ಲೇ ಸಮುದ್ರದ ಪಕ್ಕದ ಆ ಕೋಣೆಗೆ ಹೋಗಿಬಿಡುತ್ತಿದ್ದೆ. ಕಿಟಕಿ ತೆಗೆಯುತ್ತಿದ್ದೆ, ಬಿಸಿಲು ಒಳಗೆ ಬರುತ್ತಿತ್ತು, ನೀರಿನ ಸದ್ದು ಬರುತ್ತಿತ್ತು. ಯಾರೋ ಬೆನ್ನ ಹಿಂದೆ ಚಮಚದಲ್ಲಿ ಟೀ ಕಲಸುತ್ತಿದ್ದರು. ಯಾರೆಂದು ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ನಾಲ್ಕನೆಯ ಸಲ ಅವರು ಬಂದಾಗ ಫೈಲು ಪೂರ್ತಿಯಾಗಿತ್ತು. ಎರಡು ಸಲ ತಿರುವಿ ಹಾಕಿದೆ, ಎಳ್ಳಷ್ಟೂ ತಪ್ಪಿಲ್ಲ. ಸಹಿ ಮಾಡಿ ಕಳಿಸಿದರೆ ಅವರು ಇನ್ನು ಈ ಕುರ್ಚಿಗೆ ಬರುವುದಿಲ್ಲ.

"ಫೋಟೋದಲ್ಲಿ ಎಡಗಿವಿ ಕಾಣ್ತಿಲ್ಲ," ಎಂದೆ.

ಅವರು ಕಿವಿ ಮುಟ್ಟಿ ನೋಡಿಕೊಂಡರು. "ಇಲ್ಲೇ ಇದೆಯಲ್ಲ."

"ನನಗೆ ಕಾಣತ್ತೆ. ಅವರಿಗೂ ಕಾಣಬೇಕಲ್ಲ."

ಅವರು ನನ್ನನ್ನು ನೋಡಿದರು. ನಾನು ಸ್ಟೇಪ್ಲರ್ ನೋಡಿದೆ. ಅವರು ನೋಡುತ್ತಲೇ ಇದ್ದರು, ನಾನು ಪಿನ್ನು ತುಂಬಿಸಿದ್ದ ಸ್ಟೇಪ್ಲರಿಗೆ ಮತ್ತೆ ಪಿನ್ನು ತುಂಬಿಸತೊಡಗಿದೆ.

ಮುಂದಿನ ವಾರ ಕೂದಲು ಕತ್ತರಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡೂ ಕಿವಿ ಢಾಳಾಗಿ ಕಾಣುವ ಫೋಟೋ ತಂದರು. ಬೆಳಕು ಜಾಸ್ತಿಯಾಯಿತು ಎಂದು ಅದನ್ನೂ ವಾಪಸ್ ಕಳಿಸಿದೆ. ಎರಡು ಸುಳ್ಳು, ಎರಡು ವಾರ. ಕನ್ನಡಿ ಮುಂದೆ ನಿಂತು ಜಡೆ ಹೆಣೆಯುವಾಗ ನನಗೇ ನಗು ಬರುತ್ತಿತ್ತು. ತಪ್ಪು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು, ಆದರೂ ಸಂತೋಷವಾಗಿದ್ದೆ.

ಆ ಸಂತೋಷಕ್ಕೆ ಕಲ್ಲು ಬಿದ್ದದ್ದು ಒಂದು ಗುರುವಾರ. ಆ ದೇಶದಿಂದ ಸುತ್ತೋಲೆ ಬಂತು. ನಿವೃತ್ತರ ಕನಿಷ್ಠ ಆದಾಯದ ಮಿತಿಯನ್ನು ಒಂದನೇ ತಾರೀಕಿನಿಂದ ಏರಿಸಿದ್ದಾರೆ, ಅಷ್ಟರೊಳಗೆ ಸಲ್ಲಿಸಿದವರಿಗೆ ಮಾತ್ರ ಹಳೆಯ ಲೆಕ್ಕ. ಹೊಸ ಮಿತಿ ಮೇಸ್ತ್ರಿಯ ಪಿಂಚಣಿಗಿಂತ ಮೇಲಿತ್ತು. ಉಳಿದದ್ದು ಐದು ದಿನ. ಫೈಲು ತೆಗೆದೆ. ವೈದ್ಯರ ಪತ್ರದ ಆಯುಸ್ಸು ಹಿಂದಿನ ದಿನವಷ್ಟೇ ಮುಗಿದಿತ್ತು. ನಾನು ಎಡಗಿವಿ ಹುಡುಕದೆ ಇದ್ದಿದ್ದರೆ ಅರ್ಜಿ ಯಾವತ್ತೋ ಸಲ್ಲಿಕೆಯಾಗಿರುತ್ತಿತ್ತು.

ಸಂಜೆ ಮನೆಗೆ ಬಂದಾಗ ತಂಗಿ ಇಸ್ತ್ರಿ ಹಾಕುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ನನ್ನನ್ನೇ ನೋಡಿದಳು.

"ಅಂದ್ರೆ ನೀನೇನೂ ಮಾಡದೆ ಸುಮ್ನೆ ಕೂತ್ರೆ, ಮನುಷ್ಯ ಇಲ್ಲೇ ಉಳೀತಾನೆ."

"ಹೂಂ."

"ನಿನ್ನ ತಪ್ಪು ಅಂತ ಯಾರಿಗೂ ಗೊತ್ತಾಗಲ್ಲ."

"ಇಲ್ಲ."

"ಮತ್ತೆ ಯಾಕೆ ಅಳ್ತಿದೀಯ?"

ಅಳುತ್ತಿದ್ದೇನೆ ಎಂದು ಅವಳು ಹೇಳಿದ ಮೇಲೆ ನನಗೆ ಗೊತ್ತಾಯಿತು. ಸುಮ್ಮನಿರುವುದು ಎಷ್ಟು ಸುಲಭ ಎಂದು ನನಗೂ ಅನಿಸಿತ್ತು. ಆದರೆ ಆ ಚಾವಣಿಯ ಬಿಸಿಲನ್ನು ಅವರಿಂದ ಕಿತ್ತುಕೊಂಡು, ಅವರ ಎದುರೇ ಕೂತು ದಿನಾ ಟೀ ಕುಡಿಯುವುದು ನನ್ನಿಂದಾಗುವುದಿಲ್ಲ. ಅವರನ್ನು ಪ್ರೀತಿಸುತ್ತಿದ್ದೆ, ತೊಂದರೆ ಅದೇ.

ಬೆಳಗ್ಗೆ ಅರ್ಜಿಯಲ್ಲಿದ್ದ ವಿಳಾಸ ಹಿಡಿದು ಹೋದೆ. ಅವರೇ ಬಾಗಿಲು ತೆರೆದರು. ಒಳಗೆ ಒಂದು ಮೇಜು, ಎರಡು ಕುರ್ಚಿ, ಗೋಡೆ ಪಕ್ಕ ಕಟ್ಟಿಟ್ಟ ಎರಡು ಪೆಟ್ಟಿಗೆ. ಗೋಡೆಯ ಮೇಲೆ ಬೀರು ಇದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಮನೆಯ ಸಾಮಾನನ್ನೆಲ್ಲ ಆಗಲೇ ಹಂಚಿಬಿಟ್ಟಿದ್ದರು.

ಸುತ್ತೋಲೆಯ ವಿಷಯ ಹೇಳಿದೆ. ವೈದ್ಯರ ಪತ್ರದ ವಿಷಯ ಹೇಳಿದೆ. ಆಮೇಲೆ ಹೇಳಬೇಕಾದದ್ದನ್ನೂ ಹೇಳಿದೆ. "ಆ ಫೋಟೋದಲ್ಲಿ ತಪ್ಪೇನೂ ಇರಲಿಲ್ಲ. ಎರಡನೇದ್ರಲ್ಲೂ ಇರಲಿಲ್ಲ."

"ಮತ್ತೆ ಯಾಕೆ ವಾಪಸ್ ಕಳಿಸಿದ್ರಿ?"

"ನೀವು ಇನ್ನೊಂದು ಸಲ ಬರ್ಲಿ ಅಂತ."

ಅವರು ಎದ್ದು ಕಿಟಕಿಯ ಬಳಿ ಹೋದರು. ಬೆನ್ನು ನನ್ನ ಕಡೆಗಿತ್ತು. ಅವರ ದನಿಯಲ್ಲಿ ಕೋಪಕ್ಕಿಂತ ನೋವೇ ಹೆಚ್ಚಿತ್ತು.

"ಬರೋಕೆ ಕೊಕ್ಕೆ ಬೇಕಿರಲಿಲ್ಲ, ಮೇಡಂ. ಕರೆದಿದ್ರೆ ಸಾಕಿತ್ತು."

ವೈದ್ಯರ ಹೊಸ ಪತ್ರಕ್ಕೆಂದು ಆಸ್ಪತ್ರೆಗೆ ಹೊರಟ ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲೇ ಕುಳಿತಿದ್ದರು, ನಡುವೆ ಫೈಲು ಇತ್ತು. ನರ್ಸ್ ಅವರ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು, ಹುಬ್ಬು ಗಂಟಿಕ್ಕಿದಳು, ಮತ್ತೊಮ್ಮೆ ನೋಡಿದಳು. "ಇಷ್ಟು ಇದ್ರೆ ಡಾಕ್ಟರ್ ಸಹಿ ಹಾಕಲ್ಲ," ಎಂದಳು. ಅವರ ಪಕ್ಕದಲ್ಲಿ ಉಗುರು ಕಚ್ಚುತ್ತ ನಿಂತಿದ್ದ ನನ್ನನ್ನು ನೋಡಿ, ಅವರ ಮುಖವನ್ನೂ ನೋಡಿ, "ನೀವು ಸ್ವಲ್ಪ ಹೊರಗೆ ಕೂತ್ಕೊಳಿ, ಅಕ್ಕ," ಎಂದಳು.

ಹತ್ತು ನಿಮಿಷದ ಮೇಲೆ ಅವರು ಹೊರಗೆ ಬಂದು, ಒಂದು ಕುರ್ಚಿ ಬಿಟ್ಟು ಕುಳಿತರು.

"ಸರಿಯಾಯ್ತಾ?" ಎಂದೆ.

"ನೀವು ಹೊರಗೆ ಹೋದ ಮೇಲೆ ಸರಿಯಾಯ್ತು."

ಮುಖ ಗಂಭೀರವಾಗಿಯೇ ಇತ್ತು, ಎಡಗಿವಿ ಮಾತ್ರ ಕೆಂಪಾಗಿತ್ತು. ಅವರಿಗೆ ನನ್ನ ಮೇಲೆ ಇನ್ನೂ ಕೋಪವಿದೆ, ಆದರೆ ಕೋಪವೊಂದೇ ಅಲ್ಲ ಎಂದು ನನಗೆ ಆಗ ತಿಳಿಯಿತು. ಆ ಕಾರಿಡಾರಿನ ಫಿನಾಯಿಲ್ ವಾಸನೆ ಕೂಡ ಆ ಹೊತ್ತಿಗೆ ಚೆನ್ನಾಗಿಯೇ ಇತ್ತು.

ರಕ್ತಪರೀಕ್ಷೆಯ ವರದಿ ಬಂದದ್ದು ಕೊನೆಯ ದಿನ ಮಧ್ಯಾಹ್ನ. ಕೌಂಟರ್ ಮುಚ್ಚಲು ಅರ್ಧ ಗಂಟೆ ಇರುವಾಗ ನಾನೇ ಓಡಿಹೋಗಿ ಫೈಲು ಕೊಟ್ಟೆ. ಗುಮಾಸ್ತ ಮುದ್ರೆ ಒತ್ತಿದ. ಆ ಸದ್ದು ಕೇಳಿ ನಿರಾಳವಾಯಿತು, ಸಂಕಟವೂ ಆಯಿತು.

ಆಮೇಲೆ ಏಳು ವಾರ. ಅವರು ಬರಲು ಕಾರಣವಿರಲಿಲ್ಲ, ಬರಲಿಲ್ಲ. ನಾನು ಕರೆಯಬಹುದಿತ್ತು. ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಹೊರಟು ನಿಂತವರನ್ನು ಕರೆದು ಕಾಲಿಗೆ ತೊಡರುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಮನಸ್ಸು ಆ ಕಿಟಕಿಯ ಕೋಣೆಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಈಗ ಅಲ್ಲಿ ಬಿಸಿಲಿತ್ತು, ನೀರಿನ ಸದ್ದಿತ್ತು, ಬೆನ್ನ ಹಿಂದೆ ಯಾರೂ ಇರಲಿಲ್ಲ.

ಮಂಜೂರಾತಿ ಬಂದ ದಿನ ಪತ್ರ ಒಯ್ಯಲು ಅವರು ಬಂದರು. ಷರತ್ತುಗಳನ್ನು ಅರ್ಜಿದಾರರಿಗೆ ಓದಿ ಹೇಳಿ ಸಹಿ ತೆಗೆದುಕೊಳ್ಳಬೇಕು ಎಂಬುದು ನಮ್ಮ ಪದ್ಧತಿ. ಒಂದೊಂದಾಗಿ ಓದಿದೆ. ಅಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಪಿಂಚಣಿ ನಿಂತರೆ ತಿಳಿಸಬೇಕು. ಮನೆ ಬದಲಿಸಿದರೆ ತಿಳಿಸಬೇಕು.

"ನಾಲ್ಕನೆಯದು, ವರ್ಷದಲ್ಲಿ ನೂರ ಎಂಬತ್ಮೂರು ದಿನ ಆ ದೇಶದಲ್ಲಿ ಇರಲೇಬೇಕು."

ಅವರು ಸಹಿ ಹಾಕಲು ಎತ್ತಿದ ಪೆನ್ನನ್ನು ಕೆಳಗಿಟ್ಟರು. "ಮಿಕ್ಕ ದಿನ?"

"ಮಿಕ್ಕ ದಿನ ಏನು?"

"ನೂರ ಎಂಬತ್ತೆರಡು ಉಳೀತಲ್ಲ. ಆ ದಿನ ಎಲ್ಲಿರಬೇಕು ಅಂತ ಬರೆದಿದಾರಾ?"

ನಾನು ಪತ್ರದ ಹಿಂದೆ ಮುಂದೆ ನೋಡಿದೆ, ಬಾಯಿಪಾಠವಾಗಿದ್ದರೂ ನೋಡಿದೆ. "ಬರೆದಿಲ್ಲ. ಎಲ್ಲಿ ಬೇಕಾದ್ರೂ ಇರಬಹುದು."

"ಹಾಗಾದ್ರೆ ಅದನ್ನ ಯಾರೂ ಕೇಳಿಲ್ಲ."

ಅವರು ನೋಡುತ್ತಿದ್ದರು. ಈ ಸಲ ನಾನು ಸ್ಟೇಪ್ಲರಿನ ಕಡೆ ನೋಡಲಿಲ್ಲ. ಆ ಕಣ್ಣಂಚಿನಲ್ಲಿ ಇನ್ನೂ ನಗುವಿರಲಿಲ್ಲ, ಅದು ನನಗಾಗಿ ಕಾಯುತ್ತಿತ್ತು.

"ನಾನು ಕೇಳ್ತಿದೀನಿ," ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. "ಆ ದಿನಗಳು ನನಗೆ ಬೇಕು."

"ಎಷ್ಟು?"

"ಅಷ್ಟೂ. ಒಂದು ದಿನಾನೂ ಬಿಟ್ಟುಕೊಡಲ್ಲ."

ಒಂದು ಸುಕ್ಕು ಮೂಡಿತು, ಆಮೇಲೆ ಇನ್ನೊಂದು. ಅವರು ಕೈ ಚಾಚಿ, ಫೈಲಿನ ಮೇಲಿದ್ದ ನನ್ನ ಕೈಯನ್ನು ತಮ್ಮ ಅಂಗೈಯೊಳಗೆ ತೆಗೆದುಕೊಂಡರು. ಹಿಂದೆ ಸಾಲಿನಲ್ಲಿ ನಿಂತಿದ್ದವರೊಬ್ಬರು ಕೆಮ್ಮಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ನಾನು ಸಾಲನ್ನು ಕಾಯಲು ಬಿಟ್ಟೆ.