ಲ್ಯಾಬರ್ನಮ್ ರಸ್ತೆಯ ಕಂದು ಡಬ್ಬಿ

ಶುಕ್ರವಾರ ಬೆಳಗ್ಗೆ ಕಸದ ಲಾರಿ ಲ್ಯಾಬರ್ನಮ್ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಹೋಯಿತು. ಒಂದೇ ಒಂದು ಡಬ್ಬಿಯನ್ನೂ ಮುಟ್ಟದೆ ತಿರುಗಿಕೊಂಡು ಹೊರಟುಹೋಯಿತು. ಮಹಡಿಯ ಮೇಲಿನ ಚಿಕ್ಕ ಕೋಣೆಯ ಕಿಟಕಿಯಲ್ಲಿ ನಿಂತಿದ್ದ ಲೋರ್ನಾಳ ಕೈಯಲ್ಲಿ ಚಹಾ ಆರಿಹೋಗಿತ್ತು. ಇಪ್ಪತ್ತಾರು ಮನೆ, ಇಪ್ಪತ್ತಾರು ಗೇಟು, ಗೇಟಿಗೊಂದರಂತೆ ಕಂದು ಡಬ್ಬಿ. ಮದುವೆಮನೆಯ ಪಂಕ್ತಿಯಲ್ಲಿ ಎಲೆ ಹಾಸಿಕೊಂಡು ಕೂತವರ ಹಾಗೆ ಸಾಲಾಗಿ ನಿಂತಿದ್ದವು… ಬಡಿಸುವವರು ಮಾತ್ರ ಬಂದ ದಾರಿಯಲ್ಲೇ ಹೋಗಿಬಿಟ್ಟರು. ಒಂದು ವಾರ ಕಂದು, ಒಂದು ವಾರ ಕಪ್ಪು; ಅಂದು ಲಾರಿ ಬಂದದ್ದು ಕಪ್ಪು ಡಬ್ಬಿಗೆ. ಕಂದು ಡಬ್ಬಿಯಲ್ಲಿರುವುದು ಹುಲ್ಲು, ತರಗೆಲೆ. ಎರಡು ವಾರ ಕಾದರೂ ಅದರದೇನೂ ತಕರಾರಿಲ್ಲ. ಕಪ್ಪು ಡಬ್ಬಿಯಲ್ಲಿರುವುದು ಮೀನಿನ ಸಿಪ್ಪೆ, ಕೂಸಿನ ಕೊಳಕು ಬಟ್ಟೆ, ಭಾನುವಾರದ ಮೂಳೆ. ಅದಕ್ಕೆ ಲಾರಿ ಮತ್ತೆ ಬರುವುದು ಇನ್ನು ಹದಿನಾಲ್ಕು ದಿನಕ್ಕೆ. ಮೇಲಾಗಿ ಅದು ಜೂನ್ ತಿಂಗಳು. ಆ ವರ್ಷ ಸೂರ್ಯ ಆ ದೇಶದಲ್ಲಿ ಎಂದೂ ಇಲ್ಲದ ಮುತುವರ್ಜಿಯಿಂದ ಕೆಲಸ ಮಾಡುತ್ತಿದ್ದ.

ಲೋರ್ನಾಳ ಹೊಟ್ಟೆಯಲ್ಲಿ ಒಂದು ಸಣ್ಣ ಸಂತೋಷ ಎದ್ದಿತು. ಎದ್ದದ್ದು ಗೊತ್ತಾದ ಕೂಡಲೇ ಅವಳಿಗೆ ನಾಚಿಕೆಯಾಯಿತು. ಅತ್ತೆ ಕೊನೆಗೂ ತಪ್ಪು ಮಾಡಿದ್ದರು!

ಯಾವ ವಾರ ಯಾವ ಡಬ್ಬಿ ಎಂಬುದನ್ನು ಆ ರಸ್ತೆಯಲ್ಲಿ ಯಾರೂ ಓದಿ ತಿಳಿದುಕೊಳ್ಳುತ್ತಿರಲಿಲ್ಲ. ನಗರಸಭೆಯವರು ವರ್ಷಕ್ಕೊಮ್ಮೆ ಮನೆಮನೆಗೆ ಪಟ್ಟಿ ಹಂಚುತ್ತಿದ್ದರು. ಜನ ಅದನ್ನು ಭಕ್ತಿಯಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಮರೆಯುತ್ತಿದ್ದರು. ಗುರುವಾರ ಸಂಜೆ ಪರದೆ ಸರಿಸಿ ಹದಿನಾಲ್ಕನೆಯ ನಂಬರಿನ ಮನೆ ಮುಂದೆ ಎನಿಡ್ ಕ್ಲೆಗ್ ಯಾವ ಬಣ್ಣ ಇಟ್ಟಿದ್ದಾರೆಂದು ನೋಡುವುದು, ಅದನ್ನೇ ಇಡುವುದು, ಅಷ್ಟೇ ಪದ್ಧತಿ. ಎನಿಡ್ ಎಂದರೆ ಲೋರ್ನಾಳ ಅತ್ತೆ, ವಯಸ್ಸು ಎಂಬತ್ತೊಂದು. ಏಳು ವರ್ಷಗಳಲ್ಲಿ ಒಂದು ಗುರುವಾರವೂ ತಪ್ಪಿದವರಲ್ಲ. ಬೀದಿಯಲ್ಲಿ ಪಾದ್ರಿಗಳ ಮಾತಿಗಿಂತ ಎನಿಡ್ ಅವರ ಡಬ್ಬಿಗೆ ಬೆಲೆ ಹೆಚ್ಚು.

ಹ್ಯಾಸಲ್‌ಬಿ ಎಂಬ ಆ ಬಡಾವಣೆಗೆ ಇಷ್ಟಪಟ್ಟು ಬಂದವರು ಕಡಿಮೆ. ಊರೊಳಗೆ ಮನೆ ಕೊಳ್ಳಲಾಗದವರು ಬಸ್ಸಿನ ಕೊನೆಯ ನಿಲ್ದಾಣದವರೆಗೂ ಬಂದು, ಅಲ್ಲಿಂದ ಮುಂದೆ ಬಸ್ಸಿಲ್ಲವೆಂದು ನೆಲೆ ನಿಂತಿದ್ದರು. ಎರಡೆರಡು ಮನೆಗಳಿಗೆ ಒಂದೇ ನಡುಗೋಡೆ; ಗೋಡೆಗೂ ಕಿವಿಯಿದೆ ಎನ್ನುವುದು ಗಾದೆ, ಹ್ಯಾಸಲ್‌ಬಿಯ ಗೋಡೆಗೆ ಬಾಯಿಯೂ ಇತ್ತು, ಪಕ್ಕದವರ ಸೀನಿಗೆ ಈ ಕಡೆಯಿಂದ ಹರಸಬಹುದಿತ್ತು. ಲೋರ್ನಾ ಮತ್ತು ಅವಳ ಗಂಡ ಡೆಸ್ಮಂಡ್ ಅಲ್ಲಿಗೆ ಬಂದಾಗ ಎನಿಡ್ ಕೂಡ ತಮ್ಮ ಕುರ್ಚಿಯೊಂದಿಗೆ ಬಂದರು. ಮನೆಯಲ್ಲಿ ಒಳ್ಳೆಯ ಬೆಳಕಿದ್ದದ್ದು ಒಂದೇ ಕಡೆ, ಮುಂದಿನ ಕೋಣೆಯಲ್ಲಿ ರಸ್ತೆಯತ್ತ ಹೊರಚಾಚಿದ ಉಬ್ಬುಕಿಟಕಿಯ ಹತ್ತಿರ. ಮೆಟ್ಟಿಲು ಹತ್ತಲಾರೆನೆಂದು ಎನಿಡ್ ಅದನ್ನು ಹಿಡಿದರು. ಪರದೆ ಹೊಲಿದು ಕೊಡುವ ಕಸುಬಿನ ಲೋರ್ನಾ ತನ್ನ ಯಂತ್ರವನ್ನು ಮಹಡಿಯ ಚಿಕ್ಕ ಕೋಣೆಗೆ ಒಯ್ದಳು. ಅಲ್ಲಿ ಬಾಗಿಲು ತೆಗೆದರೆ ಕುರ್ಚಿ ಹಿಂದಕ್ಕೆ ಬರುತ್ತಿರಲಿಲ್ಲ, ಕುರ್ಚಿ ಎಳೆದರೆ ಬಾಗಿಲು ತೆರೆಯುತ್ತಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಕಾಯುತ್ತ ಏಳು ವರ್ಷ ಕಳೆದಳು. ಅತ್ತೆಯ ಕಾಲ ಮುಗಿಯುವ ಸೂಚನೆಯೇ ಕಾಣಲಿಲ್ಲ. ಬಟ್ಟೆ ಒಣಹಾಕಿದ್ದು ನೋಡಿದರೇ ಮನೆತನ ಗೊತ್ತಾಗುತ್ತದೆ ಎಂದು ಎನಿಡ್ ಚುಚ್ಚುವರು. ಸೊಸೆ ಮಾಡಿದ ಗ್ರೇವಿಯನ್ನು ಚಮಚದಲ್ಲಿ ಎತ್ತಿ ಹಿಡಿದು, ನೀರಿಗೂ ಒಂದು ಮರ್ಯಾದೆ ಇರುತ್ತದಲ್ಲ ಎಂದು ನಿಟ್ಟುಸಿರಿಡುವರು.

ಆ ವಸಂತದಲ್ಲಿ ಅದೃಷ್ಟ ತಿರುಗಿದಂತೆ ಕಂಡಿತ್ತು. ಎನಿಡ್ ವೈದ್ಯರ ಬಳಿಗೆ ತಪ್ಪಿದ ದಿನ ಹೋದರು. ಮೊಮ್ಮಗನ ಹುಟ್ಟುಹಬ್ಬಕ್ಕೆ ಶ್ರದ್ಧಾಂಜಲಿಯ ಕಾರ್ಡು ಕಳಿಸಿದರು. ಗುಡ್ಡದಾಚೆಯ ಒಂಟಿಮನೆಗಳ ಬಡಾವಣೆಯಲ್ಲಿದ್ದ ಮಗಳು ಗ್ಲೆನಿಸ್, ಅಮ್ಮನಿಗೆ ಬುದ್ಧಿ ಮಂಕಾಗುತ್ತಿದೆ, ಒಳ್ಳೆಯ ವೃದ್ಧಾಶ್ರಮವೊಂದರಲ್ಲಿ ಕೋಣೆ ಖಾಲಿಯಿದೆ, ಸೋಮವಾರದೊಳಗೆ ಹೇಳಬೇಕು ಎಂದು ಈ ವಾರವಷ್ಟೇ ಹಟ ಹಿಡಿದಿದ್ದಳು. ಡೆಸ್ಮಂಡ್ ತೂಗಿ ತೂಗಿ, ಅಮ್ಮ ಇನ್ನೊಂದು ಸಲ ಹೀಗೆ ಮಾಡಿದರೆ ಒಪ್ಪುತ್ತೇನೆ ಎಂದಿದ್ದ. ಇನ್ನೊಂದೇ ಸಲ! ಅದನ್ನು ಕೇಳಿದ ದಿನವೇ ಲೋರ್ನಾ ಟೇಪು ಹಿಡಿದು ಉಬ್ಬುಕಿಟಕಿಯ ಅಗಲ ಅಳೆದಿಟ್ಟುಕೊಂಡಿದ್ದಳು.

ಗುರುವಾರ ಸಂಜೆ ಅತ್ತೆ ಕಂದು ಡಬ್ಬಿ ಎಳೆದುಕೊಂಡು ಹೋದದ್ದನ್ನು ಅವಳು ನೋಡಿದ್ದಳು. ಫ್ರಿಜ್ಜಿನ ಮೇಲಿನ ಪಟ್ಟಿಯಲ್ಲಿ ಕಪ್ಪು ಎಂದಿದ್ದುದನ್ನೂ ನೋಡಿದ್ದಳು. ಬಾಯಿ ತೆರೆಯಲಿಲ್ಲ. ಒಂದೊಂದೇ ಗೇಟಿನಲ್ಲಿ ಕಂದು ಡಬ್ಬಿ ಬಂದು ನಿಲ್ಲುವುದನ್ನು ನೋಡುತ್ತ, ತುಟಿ ಬಿಗಿಹಿಡಿದು ಒಂದು ಜೊತೆ ಪರದೆ ಹೊಲಿದು ಮುಗಿಸಿದಳು.

ಭಾನುವಾರದ ಹೊತ್ತಿಗೆ ಬೀದಿಗೆ ಬೀದಿಯೇ ಕಿಟಕಿ ಮುಚ್ಚಿಕೊಂಡು ಕೂತಿತ್ತು. ಆದರೂ ಒಬ್ಬರೂ ದೂರಲಿಲ್ಲ. ಅಲ್ಲಿಯ ಜನ ಕಾಲು ತುಳಿಸಿಕೊಂಡವರೇ ಕ್ಷಮೆ ಕೇಳುವ ಜಾತಿ. ಮಧ್ಯಾಹ್ನ ಗ್ಲೆನಿಸ್ ಬಂದಳು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ವೃದ್ಧಾಶ್ರಮದ ಬಣ್ಣದ ಪುಸ್ತಿಕೆ ಹಿಡಿದುಕೊಂಡು. ಹುರಿದ ಮಾಂಸ, ಆಲೂಗೆಡ್ಡೆ ಮೇಜಿಗೆ ಬರುವಷ್ಟರಲ್ಲಿ ಬಾಗಿಲ ಗಂಟೆಯಾಯಿತು. ಎದುರುಮನೆಯ ಪೋಕಾಕ್. ಹೊಸಿಲಾಚೆಯೇ ನಿಂತು ಮೂರು ಸಲ ಕ್ಷಮೆ ಕೇಳಿದ. ಊಟದ ಹೊತ್ತು, ತೊಂದರೆ ಕೊಡುವ ಮನಸ್ಸಿಲ್ಲ, ಅವಸರವೇನೂ ಇಲ್ಲ, ಆದರೆ ಮುಂದಿನ ಗುರುವಾರ ಯಾವುದೆಂದು ಮಿಸೆಸ್ ಕ್ಲೆಗ್ ಸ್ವಲ್ಪ… ಮುಂಚೆಯೇ… ಹೇಳಿದರೆ…

ಗ್ಲೆನಿಸ್ ಕರವಸ್ತ್ರ ಕೆಳಗಿಟ್ಟಳು.

"ಡೆಸ್ಮಂಡ್, ಕೇಳಿದ್ಯಾ? ಇಡೀ ಬೀದಿ ನಾರ್ತಾ ಇದೆ. ಅಮ್ಮ ಮಾಡಿದ್ದು. ಇನ್ನೇನು ಸಾಕ್ಷಿ ಬೇಕು ನಿಂಗೆ?"

ಡೆಸ್ಮಂಡ್ ತಟ್ಟೆಯಲ್ಲಿದ್ದ ಬಟಾಣಿ ಎಣಿಸುವವನಂತೆ ತಲೆ ತಗ್ಗಿಸಿದ. ಎನಿಡ್ ಗ್ರೇವಿಯ ಬಗ್ಗೆ ಕೂಡ ಏನೂ ಅನ್ನಲಿಲ್ಲ. ಅವರ ಎರಡು ಕೈಗಳು ಮಾತ್ರ ಮೇಜಿನ ಬಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು, ಯಾರೋ ಅದನ್ನು ಎಳೆದುಕೊಂಡು ಹೋಗುತ್ತಾರೋ ಎಂಬಂತೆ. ಏಳು ವರ್ಷದಲ್ಲಿ ಲೋರ್ನಾ ಆ ಕೈ ಬೆರಳು ತೋರಿಸಿದ್ದನ್ನು ನೋಡಿದ್ದಳು, ಟೇಬಲ್ಲಿನ ಧೂಳು ಒರೆಸಿ ತೋರಿಸಿದ್ದನ್ನು ನೋಡಿದ್ದಳು, ಹೀಗೆ ಏನನ್ನಾದರೂ ಬಿಗಿಯಾಗಿ ಹಿಡಿದುಕೊಂಡದ್ದನ್ನು ನೋಡಿರಲಿಲ್ಲ. ಈಗ ಸುಮ್ಮನಿದ್ದರೆ ಸಾಕು, ಸೋಮವಾರ ಕಿಟಕಿ ಅವಳದು. ಗುರುವಾರ ಸುಮ್ಮನಿದ್ದಂತೆ ಇನ್ನೊಂದು ಗಳಿಗೆ… ಒಂದೇ ಗಳಿಗೆ…

"ಡಬ್ಬಿ ಇಟ್ಟಿದ್ದು ಅತ್ತೆ ಅಲ್ಲ," ಎಂದಳು ಲೋರ್ನಾ. "ನಾನು. ಅವ್ರು ಕಪ್ಪು ಅಂದ್ರು. ನಾನೇ ಏನೋ ಯೋಚ್ನೇಲಿ ಕಂದು ಎಳ್ಕೊಂಡು ಹೋದೆ."

ಗ್ಲೆನಿಸ್ ಅವಳತ್ತ ತಿರುಗಿದಳು. "ಆಗಿರ್ಬೋದು ಬಿಡು. ನಿನ್ನ ಕೈಯಲ್ಲಿ ಅಷ್ಟಾಗೋದು ನಾನು ನಂಬ್ತೀನಿ." ಪುಸ್ತಿಕೆ ಚೀಲಕ್ಕೆ ಹೋಯಿತು. ಪೋಕಾಕ್ ನಾಲ್ಕನೆಯ ಸಲ ಕ್ಷಮೆ ಕೇಳಿ ಹೊರಟುಹೋದ. ಡೆಸ್ಮಂಡ್ ಬಟಾಣಿ ತಿನ್ನತೊಡಗಿದ.

ಅಂದು ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿತು. ಯಾರೂ ಬೈಯಲಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ ಲೋರ್ನಾಳನ್ನು ನೋಡಿ, ಮನೆಯಲ್ಲಿ ಸಾವಾದವರನ್ನು ನೋಡುವಂತೆ ಮೃದುವಾಗಿ ನಕ್ಕರು; ಅದಕ್ಕಿಂತ ಎರಡು ಏಟು ಹಾಕಿದ್ದರೆ ವಾಸಿಯಿತ್ತು. ಬಾಗಿಲಲ್ಲಿ ಟಪಾಲು ಹಾಕುವ ಸೀಳಿನಿಂದ ಯಾರೋ ಡಬ್ಬಿಯ ಪಟ್ಟಿಯ ನಕಲು ಹಾಕಿ ಹೋದರು. ಮಂಗಳವಾರದೊಳಗೆ ಅಂಥವು ಐದಾದವು.

ಬುಧವಾರ ಲೋರ್ನಾ ಯಂತ್ರದ ಮುಂದೆ ಕೂತಿದ್ದಾಗ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಎನಿಡ್! ಈ ಮನೆಗೆ ಬಂದ ಮೇಲೆ ಮೊದಲ ಸಲ ಮಹಡಿ ಹತ್ತಿದ್ದರು. ಬಾಗಿಲು ಪೂರ್ತಿ ತೆಗೆಯಲಾಗದೆ ಸಂದಿಯಲ್ಲಿ ಅರ್ಧ ಮುಖ ಮಾತ್ರ ಕಂಡಿತು.

"ಇಲ್ಲಿ ಕೂತು ಹೊಲೀತೀಯಾ? ಕೋಳಿ ಗೂಡಿನ ಹಾಗಿದೆ."

"ಏಳು ವರ್ಷದಿಂದ ಅತ್ತೆ."

ಆಮೇಲೆ, ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವವರ ದನಿಯಲ್ಲಿ, ಒಂದೊಂದೇ ಮಾತು ಹೊರಬಂದಿತು. ಬುದ್ಧಿಗೆ ಏನೂ ಆಗಿಲ್ಲ. ಮಂಜು ಕವಿದಿರುವುದು ಕಣ್ಣಿಗೆ. ಸಣ್ಣ ಅಕ್ಷರ ಓದಲಾಗದೆ ಮೂರು ವರ್ಷವಾಯಿತು. ವೈದ್ಯರ ಚೀಟಿ, ಮೊಮ್ಮಗನ ಕಾರ್ಡು, ಎಲ್ಲ ಅಂದಾಜಿನ ಮೇಲೆ. ಹೇಳಿದರೆ ಕಣ್ಣಿಗೆ ಚಾಕು ಹಾಕುತ್ತಾರೆಂಬ ಭಯ.

"ಮತ್ತೆ ಡಬ್ಬಿ? ಮೂರು ವರ್ಷ ಹೇಗೆ ಸರಿಯಾಗಿ ಇಟ್ರಿ?"

"ಪೋಕಾಕ್ ಮನೆ ನೋಡಿ."

"ಪೋಕಾಕಾ? ಅವ್ನು ನಿಮ್ಮದು ನೋಡಿ ಇಡೋದಲ್ವಾ!"

"ಅವ್ನು ಇಡ್ತಾನಾ? ಅವ್ನ ಹೆಂಡ್ತಿ ಇಡೋದು. ಅವ್ಳು ಪಟ್ಟಿ ಓದಿ, ಮಧ್ಯಾಹ್ನಾನೇ ಇಟ್ಬಿಡ್ತಾಳೆ. ನಾನು ನೋಡ್ಕೊಂಡು ಇಡ್ತೀನಿ. ಬೀದಿ ನನ್ನ ನೋಡಿ ಇಡುತ್ತೆ. ಹೋದ ವಾರ ಅವ್ಳು ಮಗಳ ಬಾಣಂತನಕ್ಕೆ ಹೋದ್ಳು. ಈ ಮಹಾರಾಯ ಬೇಲಿ ಗಿಡ ಕತ್ತರಿಸಿ ಸೊಪ್ಪು ತುಂಬೋಕೆ ಅಂತ ಕಂದು ಡಬ್ಬಿ ಗೇಟಿಗೆ ತಂದಿಟ್ಕೊಂಡಿದ್ದ. ನಂಗೇನು ಗೊತ್ತು…"

ಅವನೂ ತನ್ನ ಕೆಲಸ ಮುಗಿಸಿ ತಲೆಯೆತ್ತಿ ನೋಡಿದಾಗ ಎನಿಡ್ ಅವರ ಗೇಟಿನಲ್ಲಿ ಕಂದು ಡಬ್ಬಿ ಕಂಡು, ಹಾಗಾದರೆ ಇದೇ ಸರಿ ಎಂದು ತನ್ನದನ್ನೂ ಅಲ್ಲೇ ಬಿಟ್ಟಿದ್ದ! ಲೋರ್ನಾಳಿಗೆ ನಗು ತಡೆಯಲಾಗಲಿಲ್ಲ. ನಗುವಿನ ಜೊತೆಗೇ ಕಣ್ಣೀರೂ ಬಂತು. ಆಗ ಅವಳೂ ತನ್ನದನ್ನು ಹೇಳಿಬಿಟ್ಟಳು.

"ಅತ್ತೆ, ಗುರುವಾರ ನಾನು ನೋಡಿದ್ದೆ. ತಪ್ಪು ಅಂತ ಗೊತ್ತಿದ್ದೂ ಸುಮ್ನಿದ್ದೆ. ನೀವು ಹೋದ್ರೆ ಆ ಕಿಟಕಿ ನಂಗೆ ಸಿಗುತ್ತೆ ಅಂತ…"

ಸಂದಿಯಲ್ಲಿದ್ದ ಕಣ್ಣು ಒಮ್ಮೆ ಮಿಟುಕಿತು.

"ಅಷ್ಟೇನಾ? ನಮ್ಮತ್ತೆ ಕನ್ನಡಕ ನಾನು ಒಂದು ಚಳಿಗಾಲ ಪೂರ್ತಿ ಬಚ್ಚಿಟ್ಟಿದ್ದೆ ಕಣೇ. ನಿಂಗೆ ಕೆಟ್ಟತನಾನೂ ಸರಿಯಾಗಿ ಮಾಡೋಕೆ ಬರಲ್ಲ." ಇಳಿಯಲು ತಿರುಗಿದವರು ಎರಡನೆಯ ಮೆಟ್ಟಿಲಲ್ಲಿ ನಿಂತರು. "ಆ ಮಿಷಿನ್ ಕೆಳಗೆ ತಗೊಂಡು ಬಾ. ಕಿಟಕೀಲಿ ಎಡಗಡೆ ಮಾತ್ರ. ಬಲಗಡೆ ಮುಟ್ಟಿದ್ರೆ ನೋಡು."

ಕಣ್ಣಾಸ್ಪತ್ರೆಗೆ ಲೋರ್ನಾಳೇ ಪತ್ರ ಬರೆದಳು. ಸರದಿ ಬರಲು ಚಳಿಗಾಲವಾಗುತ್ತದೆಂದು ಉತ್ತರ ಬಂದಿತು.

ಕಪ್ಪು ಡಬ್ಬಿಯ ಗುರುವಾರ ಬಂದಾಗ ಲೋರ್ನಾ ಪಟ್ಟಿ ಓದಿ, ಸಂಜೆ ಆರಕ್ಕೆ ಸರಿಯಾಗಿ ಕಪ್ಪು ಡಬ್ಬಿಯನ್ನು ಗೇಟಿಗೆ ಎಳೆದಿಟ್ಟಳು. ಬೀದಿಯ ಪರದೆಗಳು ಅಲುಗಿದವು, ಮತ್ತೆ ಮುಚ್ಚಿಕೊಂಡವು. ಯಾರೂ ಹೊರಬರಲಿಲ್ಲ. ಆರೂವರೆಯಾಯಿತು. ಏಳಾಯಿತು. ಬಿಸಿಲು ಇನ್ನೂ ಹೊಳೆಯುತ್ತಿತ್ತು. ಡಬ್ಬಿಗಳು ಮನೆಯ ಪಕ್ಕದಲ್ಲೇ ನಿಂತು ನಾರುತ್ತಿದ್ದವು. ಲೋರ್ನಾ ಇಟ್ಟದ್ದನ್ನು ನಂಬಿ ಇನ್ನೆರಡು ವಾರ ಅನುಭವಿಸಲು ಲ್ಯಾಬರ್ನಮ್ ರಸ್ತೆ ಸಿದ್ಧವಿರಲಿಲ್ಲ. ಕಿಟಕಿಯ ಎಡಗಡೆಯಲ್ಲಿ ಕೂತಿದ್ದ ಲೋರ್ನಾ ಬಲಗಡೆಗೆ ತಿರುಗಿ ನೋಡಿದಳು.

ಎನಿಡ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಲೋರ್ನಾ ಹಿಂದೆಯೇ ಹೋಗಿ ಪಕ್ಕದಲ್ಲಿ ನಿಂತಳು.

"ಇದೇ ತಾನೆ?" ತುಟಿ ಅಲುಗಿಸದೆ ಎನಿಡ್ ಕೇಳಿದರು.

"ಇದೇ ಅತ್ತೆ."

"ಸರಿಯಾಗಿ ಓದಿದ್ಯಾ?"

"ಮೂರು ಸಲ."

ಎನಿಡ್ ಕೈಯೆತ್ತಿ ಡಬ್ಬಿಯ ಮುಚ್ಚಳದ ಮೇಲೆ ಎರಡು ಸಲ ತಟ್ಟಿದರು. ಎದುರುಮನೆಯಿಂದ ಮೊದಲು ಹೊರಬಂದವನು ಪೋಕಾಕ್; ಅವನ ಹಿಂದೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಗಾಲಿಗಳು ಗಡಗಡನೆ ಉರುಳತೊಡಗಿದವು.