ಸ್ವಿಚ್ಚಿನ ಮೇಲಿನ ಟವೆಲ್

"ಆ ಟವೆಲ್ ಮುಟ್ಟಿದ್ರ ಕೈ ಮುರೀತೀನಿ."

ಮರಿಲಿಂಗ ಪರಿಮಳಾಳಿಗೆ ಆಡಿದ ಮೊದಲ ಮಾತು ಇದು. ಹತ್ತಿಯಿಂದ ಬೀಜ ಬೇರ್ಪಡಿಸುವ ಶಹಾಪುರದ ಜಿನ್ನಿಂಗ್ ಮಿಲ್ಲಿಗೆ ಅವಳು ಕೂಲಿಗೆ ಸೇರಿದ ದಿನ. ನಿಂತಿದ್ದ ಯಂತ್ರವನ್ನು ಶುರು ಮಾಡೋಣವೆಂದು ಸ್ವಿಚ್ಚಿನ ಮೇಲಿದ್ದ ಟವೆಲ್ಲಿಗೆ ಕೈ ಚಾಚಿದ್ದಳು. ಯಂತ್ರದ ಹಿಂದಿನಿಂದ ಹತ್ತಿ ಮೆತ್ತಿದ ತಲೆಯೊಂದು ಎದ್ದು ಗದರಿತು.

ಎಷ್ಟು ಸೊಕ್ಕು ಇವನಿಗೆ...

ಆಮೇಲೆ ಅವನೇ ತಿಳಿಸಿ ಹೇಳಿದ. ರೋಲರಿನಲ್ಲಿ ಹತ್ತಿ ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸಿ, ಹಿಂದೆ ಕುಳಿತು, ಕೈ ಹಾಕಿ ಬಿಡಿಸಬೇಕು. ಹಿಂದೆ ಕುಳಿತವನು ಮುಂದಿನವರಿಗೆ ಕಾಣುವುದಿಲ್ಲ. ಅದಕ್ಕೇ ಟವೆಲ್. ಅದು ಸ್ವಿಚ್ಚಿನ ಮೇಲಿದೆ ಎಂದರೆ ಯಾರದೋ ಕೈ ಒಳಗಿದೆ. ಮಿಲ್ಲಿನಲ್ಲಿ ಯಾರೂ ಈ ನಿಯಮ ಮುರಿಯುತ್ತಿರಲಿಲ್ಲ.

ಮುರಿದವನು ಮರಿಲಿಂಗನೇ. ಏನೂ ಸಿಕ್ಕಿಕೊಳ್ಳದಿದ್ದರೂ ಟವೆಲ್ ನೇತುಹಾಕಿ ಹಿಂದೆ ಕೂರತೊಡಗಿದ. ಪರಿಮಳಾ ಬುಟ್ಟಿ ಎತ್ತಿಕೊಂಡು ಅಲ್ಲಿಗೆ ಬರುತ್ತಿದ್ದಳು. ವನದುರ್ಗದ ಅವನ ಮನೆ, ಅವನ ಅವ್ವನ ಮಂಡಿನೋವು, ಬುದ್ಧವಿಹಾರದಲ್ಲಿ ಆಗಬೇಕಾದ ಇಬ್ಬರ ಮದುವೆ... ಎಲ್ಲ ಆ ಯಂತ್ರದ ಹಿಂದೆಯೇ ಮಾತಾಯಿತು.

ಮ್ಯಾನೇಜರ್ ಶಾಂತಕುಮಾರ ಮೂರ್ಖನಲ್ಲ. ಪಿಯುಸಿ ಓದಿದ್ದ ಅವಳನ್ನೇ ಸೂಪರ್‌ವೈಸರ್ ಮಾಡಿದ. ಕೆಲಸಗಳ್ಳರ ಆಟವೆಲ್ಲ ನಿನಗೆ ಗೊತ್ತು, ಇನ್ನು ಯಂತ್ರ ಸುಮ್ಮನೆ ನಿಂತರೆ ನಿನ್ನನ್ನೇ ಕೇಳುತ್ತೇನೆ ಎಂದು ನೀಲಿ ಕೋಟು ಕೊಟ್ಟ. ಮರುದಿನದಿಂದ ಹೆಂಗಸರು ಅವಳನ್ನು ಊಟಕ್ಕೆ ಕರೆಯಲಿಲ್ಲ. ಅವಳನ್ನು ಕೆಲಸಕ್ಕೆ ಸೇರಿಸಿದ್ದ ದುರಗಮ್ಮನೂ ಬುತ್ತಿ ಹಿಡಿದುಕೊಂಡು ಅತ್ತ ತಿರುಗಿ ಕುಳಿತಳು.

ಮರಿಲಿಂಗ ಮಾತ್ರ ನಕ್ಕ. "ಇನ್ನ ನಿನಗ ಸಲಾಂ ಹೊಡೀಬೇಕೇನ್ರಿ ಮೇಡಂ?"

ಮಿಲ್ಲಿನ ಮಾಲೀಕ ಸಾಹುಕಾರರು ನೋಡಲು ಬರುವ ದಿನವೇ ಮರಿಲಿಂಗನ ಯಂತ್ರ ನಿಂತಿತ್ತು. ಸ್ವಿಚ್ಚಿನ ಮೇಲೆ ಅವನ ಟವೆಲ್. ಆಚೆ ಬದಿಯಿಂದ ಶಾಂತಕುಮಾರ ಇವಳನ್ನೇ ನೋಡುತ್ತಿದ್ದ.

ಇವತ್ತೂ ನಾಟಕ... ಎಲ್ಲರ ಮುಂದೆ ನನ್ನ ಮಾನ ಕಳೆಯುತ್ತಾನೆ...

ಟವೆಲ್ ಕಿತ್ತು ಸ್ವಿಚ್ ಒತ್ತಿದಳು.

ಅವನು ಕೂಗಿದ್ದು ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ. ಹತ್ತಿ ಕೆಂಪಾಗಿ ಹೊರಬಂದಾಗ ದುರಗಮ್ಮ ಓಡಿಬಂದು ಯಂತ್ರ ನಿಲ್ಲಿಸಿದಳು.

ಅವನ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿಯಿತು.

ಟವೆಲ್ ಹಾಕುವುದನ್ನು ತಾನೇ ಮರೆತಿದ್ದಾಗಿ ಮರಿಲಿಂಗ ಒಪ್ಪಿದ್ದಾನೆ ಎಂದು ಶಾಂತಕುಮಾರ ಸಾರಿದ. ತಪ್ಪು ಅವನದೇ ಎಂದಾದ ಮೇಲೆ ಮಿಲ್ಲು ಪರಿಹಾರ ಕೊಡುವುದಿರಲಿ, ಅವನ ಕಡೆ ತಿರುಗಿಯೂ ನೋಡಲಿಲ್ಲ. ಸಾಹುಕಾರರೇ ಹೆದರಿಸಿ ಹಾಗೆ ಹೇಳಿಸಿರಬೇಕು ಎಂದುಕೊಂಡಳು ಪರಿಮಳಾ. ಆಸ್ಪತ್ರೆಗೆ ಹೋದರೆ ಅವನು ಅವಳನ್ನು ಒಳಗೇ ಬರಗೊಡಲಿಲ್ಲ.

ನನ್ನ ಮುಖ ಕಂಡರೆ ಅವನಿಗೆ ಹೇಸಿಗೆ...

ಆದರೂ ಅವಳು ಕೋಟು ತೊಟ್ಟು ಕೆಲಸಕ್ಕೆ ಹೋದಳು. ಬಾಯಿ ಬಿಟ್ಟರೆ ನೌಕರಿ ಹೋಗುತ್ತದೆ, ಬೆರಳು ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

"ಮೇಡಂ ಬಂದ್ರು, ಎಲ್ಲಾರೂ ಕೈ ಮುಗೀರಿ," ಎಂದಳು ಒಂದು ಬೆಳಿಗ್ಗೆ ದುರಗಮ್ಮ. "ಮರಿಲಿಂಗಂದು ಬಿಡ್ರಿ. ಅಂವಗ ಮುಗಿಯಾಕ ಇನ್ನೊಂದ ಕೈ ಇಲ್ಲ."

ಹೆಂಗಸರು ನಕ್ಕರು. ಪರಿಮಳಾ ತಲೆ ಎತ್ತಲಿಲ್ಲ.

ಅದೇ ವಾರ ವಿಚಾರಣೆಗೆಂದು ಕಾರ್ಮಿಕ ಅಧಿಕಾರಿ ಬಂದರು. ಟವೆಲ್ ಇರಲಿಲ್ಲ ಎಂದಷ್ಟೇ ಹೇಳು ಎಂದು ಶಾಂತಕುಮಾರ ಮೊದಲೇ ಎಚ್ಚರಿಸಿದ್ದ. ಅವಳು ಎಲ್ಲರ ನಡುವೆ ನಿಂತಳು.

"ಟವೆಲ್ ಇತ್ರಿ. ನಾನ ಕಿತ್ತು ಸ್ವಿಚ್ ಹಾಕೀನಿ."

ಸಂಜೆಯೊಳಗೆ ಕೋಟು ಕಸಿದುಕೊಂಡರು. ಕೂಲಿಗೂ ಬರಬೇಡ ಎಂದರು. ಅವಳು ಸೀದಾ ವನದುರ್ಗದ ಬಸ್ಸು ಹತ್ತಿದಳು.

ಅವನ ಅವ್ವ ಬಾ ಎನ್ನಲಿಲ್ಲ. ಒಳಗೆ ಮರಿಲಿಂಗ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಎಡಗೈಯೊಂದರಿಂದ ಹರಿಯಲು ಹೋದರೆ ಜೋಳದ ರೊಟ್ಟಿ ತಾಟಿನ ತುಂಬ ಜಾರುತ್ತಿತ್ತು.

"ಯಾಕ ಬಂದಿ?"

"ಖರೇ ಹೇಳಿ ಬಂದೀನಿ. ಇನ್ನ ಮಿಲ್ಲಿನವ್ರು ನಿನ್ನ ನೋಡ್ಕೋಬೇಕಾಗ್ತದ."

"ನೌಕರಿ?"

"ಹೋತು."

ಅವನು ರೊಟ್ಟಿ ಬಿಟ್ಟ. "ಹುಚ್ಚಿ. ಬೆರಳಂತೂ ಹೋದ್ವು, ನಿನ್ನ ನೌಕರಿಯರ ಉಳೀಲಿ ಅಂತ ನಾನ ಸುಳ್ಳ ಹೇಳಿದ್ದೆ."

ಹಾಗಾದರೆ ಅವನನ್ನು ಯಾರೂ ಹೆದರಿಸಿರಲಿಲ್ಲ...

"ಹಂಗಾದ್ರ ದವಾಖಾನ್ಯಾಗ ನನ್ನ ಯಾಕ ಒಳಗ ಬಿಡಲಿಲ್ಲ?"

"ನಿನ್ನ ನೋಡಿದ್ರ ಸಿಟ್ಟು ಬರ್ತಿತ್ತು. ಈಗೂ ಬರಾಕತ್ತದ. ನೀ ಬರೂದು ಬಿಟ್ಟ ಮ್ಯಾಲ ಇನ್ನೂ ಹೆಚ್ಚ ಬಂತು."

ಅವಳು ರೊಟ್ಟಿ ಮುರಿದು ಅವನ ಬಾಯಿಯ ಹತ್ತಿರ ಹಿಡಿಯಲು ಹೋದಳು.

"ಉಣಸಬ್ಯಾಡ. ಕುಂದ್ರು."

ಕುಳಿತಳು. ರೊಟ್ಟಿಯ ಒಂದು ಅಂಚನ್ನು ಬೆರಳಿನಿಂದ ಒತ್ತಿ ಹಿಡಿದಳು. ಅವನು ಇನ್ನೊಂದು ಕಡೆಯಿಂದ ಹರಿದ.

"ಉಂಡೀಯೇನು?"

"ಇಲ್ಲ."

ಹರಿದ ತುಂಡನ್ನು ಅವಳ ಕಡೆ ತಳ್ಳಿದ.

"ತಿನ್ನು. ನಾಳಿಂದ ಇಬ್ರೂ ಕೆಲಸ ಹುಡುಕೂದದ."