ಹೂಲಿಯ ಅಕ್ಕೋರು

"ಸರ್, ಸಿಟ್ಟಾಗಬ್ಯಾಡ್ರಿ. ನೀವು ಹೇಳಿದ್ದು ಒಬ್ರಿಗೂ ತಿಳೀಲಿಲ್ಲ."

ಕೈಯ ಸೀಮೆಸುಣ್ಣದ ಪುಡಿ ಕೊಡವುತ್ತಿದ್ದ ಬಸವಲಿಂಗ ಹಾಗೇ ನಿಂತ. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಹುಡುಗರಿಗೆ ಗಣಿತ ಕಲಿಸುವವನು ಅವನು. ಇಸವಿ ಎರಡು ಸಾವಿರ, ಜಗತ್ತಿಗೆಲ್ಲ ಗಣಿತದ ವರ್ಷ. ಹಳ್ಳಿಯ ಮಕ್ಕಳಿಗೆ ಗಣಿತದ ರುಚಿ ಹತ್ತಿಸಿ ಬಾ ಎಂದು ವಿಭಾಗದವರು ಅವನನ್ನು ಶನಿವಾರಕ್ಕೊಮ್ಮೆ ಹೂಲಿಯ ಹೈಸ್ಕೂಲಿಗೆ ಕಳಿಸಿದ್ದರು. ಮಕ್ಕಳು ಪಿಳಿಪಿಳಿ ನೋಡುತ್ತ ಕೂತದ್ದನ್ನು ಅವನು ಬೆರಗು ಅಂದುಕೊಂಡಿದ್ದ.

"ನಿಮಗಾದ್ರೂ ತಿಳೀತೋ ಇಲ್ಲೋ?"

"ಅರ್ಧಾ ತಿಳೀತ್ರಿ. ಇನ್ನರ್ಧಾ ಇಂಗ್ಲಿಷಿನಾಗ ಹೋತು," ಅಂದಳು ಅಲ್ಲಿಯ ಗಣಿತದ ಟೀಚರ್ ಗಂಗಾಂಬಿಕಾ. ಮಕ್ಕಳ ಬಾಯಲ್ಲಿ ಅಕ್ಕೋರು. ತುಟಿಯಂಚಿಗೆ ಬಂದ ನಗು, ಹೊರಗೆ ಬರಲೋ ಬೇಡವೋ ಎಂದು ಅಲ್ಲೇ ನಿಂತಿತ್ತು.

ಮುಂದಿನ ಶನಿವಾರದಿಂದ ಅವನು ಹೇಳುವುದು, ಅವಳು ಅದನ್ನು ಊರ ಮಾತಿಗೆ ತಿರುಗಿಸುವುದು ಎಂದಾಯಿತು. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂದ ಅವನು.

"ಎಲ್ಲಾ ಅವಿಭಾಜ್ಯನೂ ಹಿಡಕೊಂಡ ಬಂದು ಒಂದ ಚೀಲದಾಗ ಕಟ್ಟೇವಿ ಅನಕೋರಿ," ಎಂದಳು ಅವಳು. "ಎಲ್ಲಾ ಗುಣಿಸಿ, ಮ್ಯಾಲೊಂದು ಕೂಡಸ್ರಿ. ಈಗ ಚೀಲದಾಗಿನ ಯಾವುದರಿಂದ ಭಾಗಿಸಿದ್ರೂ ಒಂದು ಉಳದ ಉಳೀತದ. ಅಂದಮ್ಯಾಲೆ ಚೀಲದ ಹೊರಗ ಮತ್ತೊಂದು ಇರಾಕ ಬೇಕೋ ಬ್ಯಾಡೋ?"

"ಇರಾಕಬೇಕ್ರೀ!"

ಮಕ್ಕಳು ಕೂಗಿದಾಗ ಅವಳು ಗೆದ್ದವಳಂತೆ ಅವನತ್ತ ನೋಡುತ್ತಿದ್ದಳು. ಮುಂಗೂದಲಿಗೆ ಸುಣ್ಣದ ಪುಡಿ ಹತ್ತಿರುತ್ತಿತ್ತು. ಮುಂದೇನು ಹೇಳಬೇಕೆಂಬುದು ಅವನಿಗೆ ಮರೆತುಹೋಗುತ್ತಿತ್ತು.

ಧಾರವಾಡದ ಕ್ವಾರ್ಟರ್ಸಿನಲ್ಲಿ ಅವನೊಬ್ಬನೇ. ಖಾನಾವಳಿಯ ಡಬ್ಬಿ ಬರುತ್ತಿತ್ತು. ರೇಡಿಯೋ ಹಚ್ಚಿ ಉಣ್ಣುತ್ತಿದ್ದ, ಯಾರೋ ಮಾತಾಡುತ್ತಿರಲಿ ಎಂದು. ಎರಡನೇ ಕುರ್ಚಿಯ ಮೇಲೆ ಸದಾ ಬಟ್ಟೆಯ ರಾಶಿ. ನಲವತ್ತು ದಾಟಿದವನಿಗೆ ಈಗ ಯಾರೂ ಹೆಣ್ಣು ತೋರಿಸುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಕಾರ್ಯಕ್ರಮದ ಕೊನೆಯ ಶನಿವಾರ ಬಂತು. ಪಾಠ ಮುಗಿಸಿ ಮಕ್ಕಳಿಗೆ ಧನ್ಯವಾದ ಹೇಳುತ್ತಿದ್ದವನು ಅವಳ ಕಡೆ ತಿರುಗಿದ. ನೀವಿಲ್ಲದೆ ತಿರುಗಿ ಹೋಗೋದು ನನ್ನಿಂದ ಆಗೋದಿಲ್ಲ ಎಂಬ ಮಾತು ಇಂಗ್ಲಿಷಿನಲ್ಲಿ ಬಾಯಿಂದ ಬಂದೇಬಿಟ್ಟಿತು.

ಅವಳು ರೂಢಿಯಂತೆ ಮಕ್ಕಳತ್ತ ತಿರುಗಿ ಬಾಯಿ ತೆರೆದಳು. ಹಾಗೇ ನಿಂತಳು.

"ಅಕ್ಕೋರ, ಸರ್ ಏನಂದ್ರು ರೀ?"

"ಸರ್‌ಗೆ... ಬಸ್ಸಿಗೆ ಹೊತ್ತಾತಂತ," ಅಂದಳು. ಕಿವಿಯೆಲ್ಲ ಕೆಂಪಾಗಿತ್ತು.

ಬಸ್ ಸ್ಟ್ಯಾಂಡಿನ ತನಕ ಅವಳೂ ಬಂದಳು. ಬೇವಿನ ಗಿಡದ ಕೆಳಗೆ ನಿಂತು, ಅವನ ಮುಖ ನೋಡದೆ ಹೇಳಿದಳು.

"ನಂದು ಮದವಿ ಆಗೇತ್ರಿ. ಅಂವ ಸೊಲ್ಲಾಪುರದಾಗ ಇನ್ನೊಬ್ಬಾಕಿ ಕೂಡ ಇರತಾನ. ಬಿಡುಗಡಿ ಬೇಕಂತ ಕೋರ್ಟಿಗೆ ಹೋಗೇನಿ."

"ನಾ ನಿಮ್ಮ ಜೋಡಿ ಇರತೇನಿ."

"ಬ್ಯಾಡ್ರಿ. ನಿಮ್ಮ ಹೆಸರು ಅದರಾಗ ಬಂದ್ರ ತಪ್ಪೆಲ್ಲಾ ನಂದಂತಾರ. ತೀರ್ಪು ಆಗೂತನಾ ಈ ಕಡೆ ಬರಬ್ಯಾಡ್ರಿ."

"ಆದ ಮ್ಯಾಲೆ?"

"ನಾನ ಬರತೇನಿ. ಎಷ್ಟ ದಿನಾ ಆಗತೈತೋ ಗೊತ್ತಿಲ್ಲ. ಕಾಯ್ರಿ ಅನ್ನಾಕ ನನಗ ಬಾಯಿ ಬರೂದಿಲ್ಲ."

ಸವದತ್ತಿಯ ಬಸ್ಸು ಬಂತು. ಅವನು ಹತ್ತಿದ. ಕಿಟಕಿಯಿಂದ ನೋಡಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಧೂಳು ಬಿತ್ತೆಂಬಂತೆ.

ಆ ಮೇಲೆ ಶನಿವಾರಗಳು ಉದ್ದವಾದವು. ಬೆಳಿಗ್ಗೆ ಎದ್ದು ಇಸ್ತ್ರಿಯ ಅಂಗಿ ಹಾಕಿಕೊಂಡು, ಹೋಗಬೇಕಾದ ಜಾಗವಿಲ್ಲದೆ ಕೂತಿರುತ್ತಿದ್ದ. ಕ್ಲಾಸಿನಲ್ಲಿ ಥಿಯರಂ ಬರೆದ ಮೇಲೆ ಈಗ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಹಿಂದಿನ ಬೆಂಚಿನವರು ಮೊದಲ ಸಲ ಪ್ರಶ್ನೆ ಕೇಳತೊಡಗಿದರು. ಇದನ್ನು ಅವಳಿಗೆ ಹೇಳಬೇಕು ಅನ್ನಿಸುತ್ತಿತ್ತು. ಬರಬ್ಯಾಡ್ರಿ ಎಂದಿದ್ದಳು, ಹೋಗಲಿಲ್ಲ. ಒಂದು ಮಳೆಗಾಲ ಕಳೆಯಿತು. ಇನ್ನೊಂದೂ ಕಳೆಯಿತು. ಅವಳು ಮರೆತಿರಬೇಕು ಎಂದು ಒಮ್ಮೊಮ್ಮೆ ಅಂದುಕೊಂಡ.

ಒಂದು ರವಿವಾರ ಮಧ್ಯಾಹ್ನ ಹಿತ್ತಲಲ್ಲಿ ಅಂಗಿ ಹಿಂಡುತ್ತಿದ್ದಾಗ ಬಾಗಿಲು ಬಡಿದ ಸಪ್ಪಳವಾಯಿತು. ಒದ್ದೆ ಕೈಯಲ್ಲೇ ಹೋಗಿ ತೆರೆದ.

ಗಂಗಾಂಬಿಕಾ. ಸೊರಗಿದ್ದಳು. ಕಿವಿಯ ಹತ್ತಿರ ಬಿಳಿಗೂದಲು ಇಣುಕಿತ್ತು.

"ಬಿಡುಗಡಿ ಆತ್ರಿ," ಅಂದಳು. "ಒಳಗ ಬರಲೇನ್ರಿ?"

ಅವನಿಗೆ ಸಾವಿರ ಮಾತಿದ್ದವು. ಒಂದೇ ಬಂತು.

"ಬಾ."

'ರಿ' ಹಚ್ಚುವುದು ಮರೆತಿತ್ತು. ಅವಳು ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತು, ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಕೇಳಿಕೊಂಡು, ಒಳಗೆ ಬಂದಳು.